ಚಂದ್ರಿಯ ಪಾತ್ರಧಾರಿ



‘ಸಂಸ್ಕಾರ’ ಸಿನಿಮಾ ನೋಡಿದವರು ಕೈ ಎತ್ತಿ ಎಂದರೆ ಈ ಘಟಿಕೋತ್ಸವದ ಸಭಾಂಗಣದಲ್ಲಿ ಎಷ್ಟು ಕೈ ಮೇಲೇಳುತ್ತವೋ ತಿಳಿಯದು. ಅದರಲ್ಲಿ ಚಂದ್ರಿಯಾಗಿ ನಟಿಸಿದವರು ಸ್ನೇಹಲತಾ ರೆಡ್ಡಿ. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿಯವರ ಪತ್ನಿ. ಮದ್ರಾಸಿನ ಸೆನ್ಸಾರಿನವರು ಮೊದಲು ಆ ಚಿತ್ರವನ್ನು ತಡೆಹಿಡಿದರು. ಆಮೇಲೆ ಅದಕ್ಕೇ 1970ರ ಶ್ರೇಷ್ಠ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು. ಒಂದು ಕೈಯಲ್ಲಿ ಕತ್ತರಿ, ಇನ್ನೊಂದರಲ್ಲಿ ಹಾರ: ಸರ್ಕಾರಗಳ ಹಳೇ ಚಾಳಿ.

1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ದೆಹಲಿಯ ಬಹದ್ದೂರ್ ಷಾ ಜಫರ್ ಮಾರ್ಗದ ಪತ್ರಿಕಾ ಕಚೇರಿಗಳಿಗೆ ಕರೆಂಟೇ ಇಲ್ಲ. ಮೂರು ದಿನ ಕಳೆದು ‘ಇಂಡಿಯನ್ ಎಕ್ಸ್‌ಪ್ರೆಸ್’ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಅಚ್ಚಾಯಿತು. ಹಾಗೆ ಖಾಲಿ ಬಿಡಕೂಡದೆಂದೂ ಸೆನ್ಸಾರಿನಿಂದ ಸೂಚನೆ ಹೊರಟಿತು. ಬರೆದರೂ ತಪ್ಪು, ಬರೆಯದಿದ್ದರೂ ತಪ್ಪು!

ಸ್ನೇಹಲತಾ ಸಮಾಜವಾದಿ. ಕಾರ್ಮಿಕ ನಾಯಕ ಜಾರ್ಜ್ ಫರ್ನಾಂಡಿಸ್ ಅವರ ಸ್ನೇಹಿತೆ. 1976ರ ಮೇ ತಿಂಗಳಲ್ಲಿ ಜಾರ್ಜ್ ಮೇಲೆ ಸ್ಫೋಟದ ಸಂಚು ಹೊರಿಸಿದ್ದ ಬರೋಡಾ ಡೈನಮೈಟ್ ಪ್ರಕರಣದ ಹೆಸರಿನಲ್ಲಿ ಸ್ನೇಹಲತಾರನ್ನು ಹಿಡಿದರು. ಕೊನೆಗೆ ಸಲ್ಲಿಸಿದ ಆರೋಪಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಆದರೂ ವಿಚಾರಣೆಯಿಲ್ಲದೆ ಬಂಧನದಲ್ಲಿಡುವ ಮೀಸಾ ಕಾಯ್ದೆಯಡಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲೇ ಉಳಿಸಿಕೊಂಡರು. ಮೊದಲೇ ಆಸ್ತಮಾ. ಅಂಥ ಸ್ಥಿತಿಯಲ್ಲೂ ಅವರು ಅಲ್ಲಿನ ಹೆಣ್ಣು ಕೈದಿಗಳನ್ನು ಹೊಡೆಯಬಾರದೆಂದು, ಊಟ ನೆಟ್ಟಗಿರಬೇಕೆಂದು ಜಗಳ ತೆಗೆದರು, ಅವರನ್ನು ಸೇರಿಸಿ ಹಾಡಿಸಿದರು, ದಿನಚರಿ ಬರೆದರು. ಪೆರೋಲ್ ಸಿಕ್ಕಿದ್ದು 1977ರ ಜನವರಿ 15ಕ್ಕೆ. 18ರಂದು ಇಂದಿರಾ ಗಾಂಧಿ ಚುನಾವಣೆ ಘೋಷಿಸಿದರು. 20ರಂದು ಸ್ನೇಹಲತಾ ತೀರಿಕೊಂಡರು.

ನನ್ನನ್ನು ಕಾಡುವುದು ಜೈಲಿನಲ್ಲಿ ಅವರು ತೆಗೆದ ಆ ಜಗಳ. ತಮ್ಮ ನಾಟಕ, ತಮ್ಮ ಸಿನಿಮಾ ನಿಂತಿತೆಂದು ಸಿಟ್ಟಾಗುವ ಕಲಾವಿದರು ಬೇಕಾದಷ್ಟಿದ್ದಾರೆ, ನಾನೂ ಆ ಪೈಕಿಯೇ ಇರಬಹುದು. ಹೆಸರೇ ಗೊತ್ತಿಲ್ಲದ ಕೈದಿಯ ಪರವಾಗಿ ಬಾಯಿ ತೆರೆಯುವವರು ಕಡಿಮೆ. ಕಾದಂಬರಿಕಾರ ಶಿವರಾಮ ಕಾರಂತರನ್ನು ಆಗ ಯಾರೂ ಜೈಲಿಗೆ ಹಾಕಿರಲಿಲ್ಲ. ಆದರೂ ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಅವರು ಪದ್ಮಭೂಷಣವನ್ನು ಹಿಂದಿರುಗಿಸಿದರು. ಕಿಶೋರ್ ಕುಮಾರ್ ಸರ್ಕಾರದ ಪ್ರಚಾರಕ್ಕೆ ಹಾಡಲು ಒಪ್ಪಲಿಲ್ಲ. ಆಕಾಶವಾಣಿಯಲ್ಲಿ, ದೂರದರ್ಶನದಲ್ಲಿ ಅವರ ದನಿ ನಿಂತಿತು.

ಇನ್ನು ಎಂ.ಎಫ್. ಹುಸೇನ್. ಆ ದಿನಗಳಲ್ಲಿ ಅವರು ಇಂದಿರಾರನ್ನು ದುರ್ಗೆಯಾಗಿ ಚಿತ್ರಿಸಿದರು. ನನಗದು ಇಂದಿಗೂ ಅರಗಿಲ್ಲ. ಮುಂದೆ ಅದೇ ಹುಸೇನರ ಬೇರೆ ಚಿತ್ರಗಳ ಮೇಲೆ ಊರೂರಲ್ಲಿ ಕೇಸು ಬಿದ್ದವು. ಅವರು ದೇಶ ಬಿಟ್ಟು, 2011ರಲ್ಲಿ ಲಂಡನ್ನಿನಲ್ಲಿ ಸತ್ತರು. ಆಗ ‘ಅವರಿಗೆ ಹಾಗೇ ಆಗಬೇಕು’ ಅಂದವರ ಜೊತೆ ನಾನು ಸೇರಲಾರೆ. ಒಲ್ಲದ ಚಿತ್ರ ಬರೆದವನ ಪರವಾಗಿ ನಿಲ್ಲುವುದೇ ಕಷ್ಟದ ಕೆಲಸ. ಮೆಚ್ಚಿನವರ ಪರ ನಿಲ್ಲಲು ಪದವಿ ಏನೂ ಬೇಕಿಲ್ಲ.

ಸ್ನೇಹಲತಾ ಇದ್ದ ಆ ಜೈಲು ಈಗ ಫ್ರೀಡಂ ಪಾರ್ಕ್. ಬೆಂಗಳೂರಿನಲ್ಲಿ ಧರಣಿ, ಪ್ರತಿಭಟನೆ ಏನೇ ಇದ್ದರೂ ಅಲ್ಲೇ ಮಾಡಿ ಎಂದು ಕೆಲವು ವರ್ಷಗಳ ಹಿಂದೆ ಸರ್ಕಾರ ಆದೇಶ ಮಾಡಿದೆ. ಟ್ರಾಫಿಕ್ಕಿಗೆ ತೊಂದರೆಯಾಗದಿರಲಿ ಎಂಬುದು ಕಾರಣ. ನಿಮ್ಮಲ್ಲಿ ಕಾನೂನು ಓದಿದವರಿದ್ದೀರಿ, ಪತ್ರಿಕೋದ್ಯಮ ಓದಿದವರೂ ಇದ್ದೀರಿ. ಆ ಆದೇಶವನ್ನು ತೆಗೆದು ಓದಿ. ಅದು ಸರಿಯೆಂದು ನಿಮಗನ್ನಿಸಿದರೆ ನನ್ನ ಜೊತೆ ವಾದಕ್ಕೆ ಬನ್ನಿ. ಊಟದ ನಂತರ ನಾನು ಇಲ್ಲೇ ಇರುತ್ತೇನೆ.