ಒಂದೇ ಹಕ್ಕಿಗೆ ಮೂರು ಹೆಸರು

(ಸಂಸ್ಥೆಯ ವಾರ್ಷಿಕ ಸಮಾವೇಶದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಲಿಖಿತ ರೂಪ)





ಇಂತಹ ವೇದಿಕೆಯಲ್ಲಿ ಸಾಮಾನ್ಯವಾಗಿ ಪರೀಕ್ಷೆ, ಸ್ಕಾಲರ್‌ಶಿಪ್, ನೌಕರಿ ಇವುಗಳ ಬಗ್ಗೆ ಮಾತನಾಡುತ್ತಾರೆ. ಅವೆಲ್ಲ ಬೇಕು. ನಾನು ಮಾತ್ರ ಇಂದು ಹಕ್ಕಿ ನೋಡುವವರ ಬಗ್ಗೆ ನಾಲ್ಕು ಮಾತು ಹೇಳಲು ತಮ್ಮ ಅಪ್ಪಣೆ ಬೇಡುತ್ತೇನೆ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕದ್ದು ಕೇಳಿಸಿತು. ಆ ನಗುವಿನ ವಿಷಯಕ್ಕೇ ಆಮೇಲೆ ಬರುತ್ತೇನೆ.

ಮೊದಲು ನಮ್ಮ ಖಾನಾಪುರ ತಾಲೂಕಿನ ಒಂದು ಸಂಗತಿ. ಭೀಮಗಡದ ಕಾಡಿನಲ್ಲಿ, ತಳೇವಾಡಿಯ ಕಡೆ, ಬಾರಾಪೇಡೆ ಎಂಬ ಗುಹೆಗಳಿವೆ. ಅಲ್ಲಿ ಸಿಕ್ಕ ಒಂದು ಬಾವಲಿಯನ್ನು ಓಲ್ಡ್‌ಫೀಲ್ಡ್ ಥಾಮಸ್ ಎಂಬ ವಿಜ್ಞಾನಿ 1913ರಲ್ಲಿ ಹೊಸ ಪ್ರಭೇದವೆಂದು ಜಗತ್ತಿಗೆ ತಿಳಿಸಿದರು. ಅರಣ್ಯಾಧಿಕಾರಿಯಾಗಿದ್ದ ರಾಟನ್ ಎಂಬವರ ಹೆಸರನ್ನು ಅದಕ್ಕಿಟ್ಟರು. ಬಹಳ ಕಾಲ ಇಡೀ ಪ್ರಪಂಚದಲ್ಲಿ ಆ ಬಾವಲಿ ಕಂಡದ್ದು ಇಲ್ಲಿ ಮಾತ್ರ; ಮೇಘಾಲಯದಲ್ಲಿ, ಕಾಂಬೋಡಿಯಾದಲ್ಲಿ ಸಿಕ್ಕದ್ದು ಎಷ್ಟೋ ವರ್ಷಗಳ ಮೇಲೆ. 2011ರಲ್ಲಿ ಭೀಮಗಡವು ವನ್ಯಜೀವಿ ಅಭಯಾರಣ್ಯವಾಯಿತು. ನಾವು ಬೆಳಗಾವಿಯವರು ಜಾಂಬೋಟಿ ದಾರಿಯಲ್ಲಿ ಎಷ್ಟು ಸಲ ಓಡಾಡಿದ್ದೇವೆ! ನಮ್ಮಲ್ಲಿ ಎಷ್ಟು ಜನರಿಗೆ ಇದು ಗೊತ್ತಿತ್ತು?

ಅಷ್ಟು ದೂರದ ಕಾಡಿಗೆ ಬಾವಲಿಯನ್ನು ಹುಡುಕಿಕೊಂಡು ಬಂದವರಾದರೂ ಯಾರು? ಅವರ ಹಿಂದೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಇತ್ತು. 1883ರಲ್ಲಿ ಆ ಸಂಘ ಶುರುವಾದಾಗ ಇದ್ದವರು ಎಂಟೇ ಜನ. ಅವರಲ್ಲಿ ಡಾ. ಆತ್ಮಾರಾಮ್ ಪಾಂಡುರಂಗ ಮತ್ತು ಡಾ. ಸಖಾರಾಮ್ ಅರ್ಜುನ್ ಇಬ್ಬರು ನಮ್ಮ ದೇಶದವರು. ಸ್ವಂತ ಕಟ್ಟಡವಿರಲಿಲ್ಲ, ಸದಸ್ಯರಾಗಿದ್ದ ವ್ಯಾಪಾರಿಯೊಬ್ಬರು ತಮ್ಮ ಅಂಗಡಿಯಲ್ಲೇ ಜಾಗ ಕೊಟ್ಟರು. ಮುಂದೆ ಮಿಲ್ಲಾರ್ಡ್ ಎಂಬವರು ಕಾರ್ಯದರ್ಶಿಯಾದರು. ಚಂದಾ ಎತ್ತಿ, ದೇಶದ ಸಸ್ತನಿಗಳ ಸಮೀಕ್ಷೆಗೆ ಏರ್ಪಾಡು ಮಾಡಿದವರು ಇವರೇ. ನಮ್ಮ ಬಾವಲಿ ಸಿಕ್ಕದ್ದು ಆ ಸಮೀಕ್ಷೆಯ ಕಾಲದಲ್ಲಿ.

ಇದೇ ಮಿಲ್ಲಾರ್ಡ್ ಅವರ ಕಚೇರಿಗೆ 1908ರ ಸುಮಾರಿಗೆ ಒಬ್ಬ ಮುಸ್ಲಿಂ ಬಾಲಕ ಹೆದರುತ್ತ ಬಂದ. ತಂದೆತಾಯಿ ಇಲ್ಲದ ಹುಡುಗ, ಸೋದರಮಾವ ಅಮೀರುದ್ದೀನ್ ತೈಯಬ್‌ಜಿಯವರ ಮನೆಯಲ್ಲಿ ಬೆಳೆಯುತ್ತಿದ್ದ. ತನ್ನ ಏರ್‌ಗನ್ನಿನಿಂದ ಹೊಡೆದ ಗುಬ್ಬಿಯ ಗಂಟಲು ಹಳದಿಯಾಗಿತ್ತು. ಅದೇಕೆ ಎಂದು ಮಾವನಿಗೆ ಹೇಳಲಾಗಲಿಲ್ಲ. ಅವರು ಸಂಘದ ಸದಸ್ಯರಾಗಿದ್ದರಿಂದ ಅಲ್ಲಿಗೆ ಕಳಿಸಿದರು. ಮಿಲ್ಲಾರ್ಡ್ ಸಾಹೇಬರು ಹುಡುಗನನ್ನು ಕೂರಿಸಿ, ಅದು ಬೇರೆ ಜಾತಿಯ ಗುಬ್ಬಿ ಎಂದು ತಿಳಿಸಿ, ಸಂಘದ ಹಕ್ಕಿ ಸಂಗ್ರಹದ ಡ್ರಾಯರುಗಳನ್ನು ಒಂದೊಂದಾಗಿ ಎಳೆದು ತೋರಿಸಿದರು. ಆ ಹುಡುಗನೇ ಡಾ. ಸಲೀಂ ಅಲಿ. ವಿಶ್ವವಿದ್ಯಾಲಯದ ಪದವಿ ಇಲ್ಲವೆಂದು ಅವರಿಗೆ ಸರ್ಕಾರದ ಪಕ್ಷಿತಜ್ಞರ ಹುದ್ದೆ ತಪ್ಪಿತ್ತು. 1976ರಲ್ಲಿ ಪದ್ಮವಿಭೂಷಣ ಬಂತು.

ಈಗ ನಗುವಿನ ವಿಷಯ. ಕೆಲವು ವರ್ಷಗಳ ಹಿಂದೆ ನಾನೂ ಐದಾರು ಹುಡುಗರನ್ನು ಕೂಡಿಸಿಕೊಂಡು ಭಾನುವಾರ ಬೆಳಿಗ್ಗೆ ನಮ್ಮ ಕೋಟೆ ಕೆರೆಗೆ ಹೋಗುತ್ತಿದ್ದೆ. ಒಬ್ಬ ಹುಡುಗ ಖಾನಾಪುರದಿಂದ ಮೊದಲ ಬಸ್ಸಿಗೆ ಬರುತ್ತಿದ್ದ. ಒಮ್ಮೆ ನೀರಿನ ಮೇಲಿನ ನಾಮದ ಕೋಳಿಯನ್ನು ತೋರಿಸಿ ‘ಬಾತುಕೋಳಿ’ ಎಂದ. ನಾನು ನಕ್ಕೆ. ಮಾಸ್ತರರು ನಕ್ಕ ಮೇಲೆ ಉಳಿದವರು ಸುಮ್ಮನಿರುತ್ತಾರೆಯೇ? ಮುಂದಿನ ವಾರ ಅವನು ಬರಲಿಲ್ಲ. ಎರಡು ತಿಂಗಳಲ್ಲಿ ಮಿಕ್ಕವರೂ ಚದುರಿದರು. ಹುಡುಗರಿಗೆ ಆಸಕ್ತಿಯಿಲ್ಲ ಎಂದು ನಾನು ಎಲ್ಲರೆದುರು ಹೇಳಿಕೊಂಡು ತಿರುಗಿದೆ.

ಒಂದು ವರ್ಷದ ಮೇಲೆ ಖಾನಾಪುರದ ಬಸ್ ನಿಲ್ದಾಣದಲ್ಲಿ ಅವನೇ ಸಿಕ್ಕ. ಸಲಾಂ ಹೇಳಿ ಚೀಲದಿಂದ ನೋಟ್‌ಬುಕ್ ತೆಗೆದ. ವರ್ಷವಿಡೀ ಮಲಪ್ರಭೆಯ ದಂಡೆಯಲ್ಲಿ ಒಬ್ಬನೇ ಕೂತು ಬರೆದಿದ್ದ. “ಸರ್, ಅದು ಬಾತುಕೋಳಿ ಅಲ್ರಿ. ಕೊಕ್ಕು ಚಪ್ಪಟಿ ಇಲ್ಲ, ಕೋಳಿ ಹಾಂಗ ಚೂಪ ಐತಿ. ಹಣಿ ಮ್ಯಾಲ ಬಿಳಿ ನಾಮ ಐತಿ” ಎಂದ. ಪ್ರತಿ ಹಕ್ಕಿಗೂ ಮೂರು ಕಾಲಂ ಗೆರೆ ಹಾಕಿದ್ದ: ಶಾಲೆಯಲ್ಲಿ ಕಲಿತ ಗೊರವಂಕ, ಪಕ್ಕದ ಮನೆಯವರು ಹೇಳುವ ಸಾಳುಂಕಿ, ಅವನ ಅಮ್ಮಿ ಹೇಳುವ ಮೈನಾ. ಮೂರು ಭಾಷೆಯ ನಮ್ಮ ಜಿಲ್ಲೆಗೆ ಇದಕ್ಕಿಂತ ಒಳ್ಳೆಯ ನೋಟ್‌ಬುಕ್ ನಾನು ನೋಡಿಲ್ಲ. ನಾನು ಅವನ ಕ್ಷಮೆ ಕೇಳಿದೆ. ಅವನಿಗೆ ಮುಜುಗರವಾಯಿತು, ನನಗೂ ಆಯಿತು.

ಇಂತಹ ಒಂಟಿ ಹವ್ಯಾಸದವರು ಎಲ್ಲ ಊರಲ್ಲೂ ಒಬ್ಬಿಬ್ಬರು ಇರುತ್ತಾರೆ. ಅವರನ್ನು ಒಟ್ಟುಗೂಡಿಸಲು ಜಫರ್ ಫತೇಹಲ್ಲಿಯವರು 1959ರ ಕೊನೆಯಲ್ಲಿ ಪಕ್ಷಿವೀಕ್ಷಕರಿಗೆಂದೇ ಒಂದು ಪುಟ್ಟ ಪತ್ರಿಕೆ ಆರಂಭಿಸಿದರು. ತಜ್ಞರಲ್ಲದವರೂ ತಾವು ಕಂಡದ್ದನ್ನು ಅದಕ್ಕೆ ಬರೆದು ಕಳಿಸಬಹುದಿತ್ತು. ಬೆಂಗಳೂರಿನಲ್ಲಿ ಡಾ. ಜೋಸೆಫ್ ಜಾರ್ಜ್ ಮತ್ತು ಗೆಳೆಯರು 1972ರಲ್ಲಿ ಒಂದು ಬಳಗ ಕಟ್ಟಿ, ತಿಂಗಳಿಗೊಂದು ಭಾನುವಾರ ಲಾಲ್‌ಬಾಗಿನಲ್ಲಿ ಸೇರುವುದೆಂದು ನಿಗದಿ ಮಾಡಿದರು. ದಿನ ಗೊತ್ತು, ಜಾಗ ಗೊತ್ತು. ಹೊಸಬರು ಯಾರನ್ನೂ ಕೇಳದೆ ಬರಬಹುದು.

ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ ಎಂದು ಕೇಳುವ ಪಾಲಕರಿಗೆ ಒಂದೇ ಮಾತು. ನ್ಯಾಷನಲ್ ಬುಕ್ ಟ್ರಸ್ಟ್ 1970ರಲ್ಲಿ ಮಕ್ಕಳಿಗಾಗಿ ಪ್ರಕಟಿಸಿದ ಪಕ್ಷಿವೀಕ್ಷಣೆಯ ಪುಸ್ತಕವನ್ನು ಬರೆದವರು ಜಮಾಲ್ ಆರಾ ಎಂಬ ಮಹಿಳೆ. ತಾಯಂದಿರೂ ಜೊತೆಗೆ ಬರಲಿ; ಹಕ್ಕಿಯ ಹಳೆಯ ಹೆಸರುಗಳು ಅವರಿಗೇ ಹೆಚ್ಚು ಗೊತ್ತು.

ಖಾನಾಪುರದ ಆ ಹುಡುಗ ಮತ್ತು ನಾನು ಕೂಡಿ ಮತ್ತೆ ಶುರು ಮಾಡುತ್ತಿದ್ದೇವೆ. ತಿಂಗಳ ಮೊದಲ ಭಾನುವಾರ ಫಜ್ರ್ ನಮಾಜಿನ ನಂತರ, ಆರೂವರೆಗೆ, ಕೋಟೆ ಕೆರೆಯ ದಂಡೆಯಲ್ಲಿ. ಮೂರನೆಯ ಭಾನುವಾರ ಖಾನಾಪುರದಲ್ಲಿ, ಮಲಪ್ರಭೆಯ ದಂಡೆಗೆ. ಬಾರಾಪೇಡೆಯ ಗುಹೆಗೆ ಹೋಗುವ ಯೋಚನೆ ಯಾರೂ ಮಾಡಬೇಡಿ. ಆ ಬಾವಲಿಗಳನ್ನು ಅವುಗಳ ಪಾಡಿಗೆ ಬಿಡೋಣ. ಬೈನಾಕ್ಯುಲರ್ ಎರಡೇ ಇವೆ, ಸರದಿಯಂತೆ ನೋಡೋಣ. ಮೊದಲ ಸರದಿ ಹೊಸದಾಗಿ ಬಂದವರದು. ನೋಟ್‌ಬುಕ್ಕಿಗೆ ಮೂರು ಕಾಲಂ ಗೆರೆ ಮನೆಯಲ್ಲೇ ಹಾಕಿಕೊಂಡು ಬನ್ನಿ.