ಕಾರು ಓಡಿಸುವವರು ನಾವು, ಪಾಲಿಸಿ ಓದುವವರು ಯಾರು?



ಚೆನ್ನೈನಲ್ಲಿರುವ ನಮ್ಮಲ್ಲಿ ಎಷ್ಟೋ ಜನ ದಿನಾ ಕಾರು ಓಡಿಸುತ್ತೇವೆ. ಆಫೀಸು, ಮಕ್ಕಳ ಕ್ಲಾಸು, ಅತ್ತೆಯವರ ಡಾಕ್ಟರ್ ಚೆಕಪ್ಪು, ಎಲ್ಲಕ್ಕೂ ನಾವೇ. ಆದರೆ ಇನ್ಶೂರೆನ್ಸ್ ಎಂದರೆ ಮಾತ್ರ, "ಅದನ್ನೆಲ್ಲ ನಮ್ಮನೆಯವರು ನೋಡ್ಕೋತಾರೆ" ಅಂತೀವಿ. ವರ್ಷಕ್ಕೊಮ್ಮೆ, ನವೀಕರಣಕ್ಕೆ ಒಂದು ತಿಂಗಳು ಮೊದಲು, ಆ ಪಾಲಿಸಿಯನ್ನು ನೀವೇ ತೆರೆದು ಐದು ವಿಷಯ ನೋಡಿ.

ಮೊದಲನೆಯದು ಹೆಸರು. ಓನರ್-ಡ್ರೈವರ್‌ಗೆಂದು 15 ಲಕ್ಷ ರೂಪಾಯಿಯ ಅಪಘಾತ ವಿಮೆ ಇರುತ್ತದೆ. ಅದು ಆರ್‌ಸಿಯಲ್ಲಿ ಹೆಸರಿದ್ದು, ಲೈಸೆನ್ಸ್ ಇರುವ ಮಾಲೀಕರಿಗೆ ಮಾತ್ರ. ಕಾರು ಯಜಮಾನರ ಹೆಸರಿನಲ್ಲಿದ್ದು ನೀವು ಓಡಿಸುತ್ತಿದ್ದರೆ ಆ 15 ಲಕ್ಷ ನಿಮಗಲ್ಲ. ನಿಮ್ಮ ಹೆಸರಿನಲ್ಲೇ ಪ್ರತ್ಯೇಕ ಅಪಘಾತ ವಿಮೆ ಮಾಡಿಸಿಕೊಳ್ಳಿ. ಇವತ್ತಿನ ಮಾತಿನಲ್ಲಿ ಇದೊಂದು ನೆನಪಿದ್ದರೂ ಸಾಕು.

ಎರಡನೆಯದು ದಿನಾಂಕ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಆದರೆ ನಮ್ಮ ಕಾರಿನ ಹಾನಿಗೆ ಸಿಗುವ ಭಾಗ ಹೆಚ್ಚಾಗಿ ಒಂದೇ ವರ್ಷದ್ದು. ಎರಡು ದಿನಾಂಕಗಳನ್ನೂ ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳಿ.

ಮೂರನೆಯದು ಐಡಿವಿ. ಕಾರು ಕಳುವಾದರೆ ಅಥವಾ ಪೂರ್ತಿ ಹಾಳಾದರೆ ಲೆಕ್ಕಕ್ಕೆ ಬರುವುದು ಈ ಮೊತ್ತವೇ. ಪ್ರೀಮಿಯಂ ಕಡಿಮೆ ಅಂತ ಖುಷಿಪಡುವ ಮೊದಲು ಐಡಿವಿಯನ್ನೇ ಇಳಿಸಿದ್ದಾರಾ ನೋಡಿ.

ನಾಲ್ಕನೆಯದು ನೋ ಕ್ಲೇಮ್ ಬೋನಸ್. ಕ್ಲೇಮ್ ಮಾಡದ ಮೊದಲ ವರ್ಷಕ್ಕೆ ಶೇ. 20, ಐದು ವರ್ಷಕ್ಕೆ ಶೇ. 50 ರಿಯಾಯಿತಿ, ಅದೂ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಮಾತ್ರ. ಒಂದು ಸಣ್ಣ ಗೀರಿಗೆ ಕ್ಲೇಮ್ ಮಾಡಿದರೂ ಅದು ಹೋಗಬಹುದು, ಲೆಕ್ಕ ಹಾಕಿ ನೋಡಿ. ಪಾಲಿಸಿ ಮುಗಿದು 90 ದಿನ ದಾಟಿದರೂ ಹೋಗುತ್ತದೆ. ಕಾರು ಮಾರಿದರೆ ಬೋನಸ್ ನಿಮ್ಮದೇ, ಹೊಸ ಕಾರಿಗೆ ತೆಗೆದುಕೊಂಡು ಹೋಗಬಹುದು.

ಐದನೆಯದು ನಮ್ಮ ಊರಿನ ಮಳೆ. 2015ರ ಡಿಸೆಂಬರ್, 2023ರ ಮಿಚಾಂಗ್, ಎರಡನ್ನೂ ಕಂಡವರು ಇಲ್ಲಿದ್ದೀರಿ. ಮಳೆ ಎಂದರೆ ವೇಳಚೇರಿಯವರು ಕಾರನ್ನು ಫ್ಲೈಓವರ್ ಮೇಲೆ ನಿಲ್ಲಿಸುತ್ತಾರೆ. ಪ್ರವಾಹದ ಹಾನಿ ಕಾಂಪ್ರಹೆನ್ಸಿವ್ ಪಾಲಿಸಿಯಲ್ಲಿ ಸೇರಿದೆ. ಆದರೆ ನೀರಿನಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಿ ಎಂಜಿನ್ ಕೆಟ್ಟರೆ ಸಾಮಾನ್ಯವಾಗಿ ಹಣ ಸಿಗುವುದಿಲ್ಲ. ಅದಕ್ಕೆ ಎಂಜಿನ್ ಪ್ರೊಟೆಕ್ಷನ್ ಎಂಬ ಆಡ್-ಆನ್ ಬೇಕು, ನವೀಕರಣದ ಹೊತ್ತಿಗೇ ಕೇಳಿ ಹಾಕಿಸಿ. ಅದರಲ್ಲೂ ಷರತ್ತುಗಳಿರುತ್ತವೆ, ಓದಿಕೊಳ್ಳಿ. ಏನೇ ಇರಲಿ, ನೀರು ನುಗ್ಗಿದ ಕಾರಿನ ಕೀ ತಿರುಗಿಸಬೇಡಿ, ಟೋ ಮಾಡಿಸಿ.

ನವೀಕರಣವಲ್ಲದೆ ಇನ್ನೂ ಕೆಲವು ಸಂದರ್ಭಗಳಲ್ಲಿ ಪಾಲಿಸಿ ತೆಗೆಯಬೇಕು. ಮನೆ ಅಥವಾ ಊರು ಬದಲಾದಾಗ, ಸಿಎನ್‌ಜಿ ಕಿಟ್ ಹಾಕಿಸಿದಾಗ ಕಂಪನಿಗೆ ತಿಳಿಸಿ. ಸೆಕೆಂಡ್ ಹ್ಯಾಂಡ್ ಕಾರು ಕೊಂಡರೆ 14 ದಿನದೊಳಗೆ ಪಾಲಿಸಿ ವರ್ಗಾವಣೆಗೆ ಅರ್ಜಿ ಕೊಡಿ. ಮನೆಯಲ್ಲಿ ಮಾಲೀಕರೇ ತೀರಿಕೊಂಡರೆ ದುಃಖದ ನಡುವೆಯೂ ಆರ್‌ಸಿ, ಪಾಲಿಸಿ ಎರಡರಲ್ಲೂ ಹೆಸರು ಬದಲಾಯಿಸಬೇಕು. ಆಗ ಕಾಗದ ಎಲ್ಲಿದೆ ಎಂದು ಹುಡುಕುವ ಹಾಗಾಗಬಾರದು. ಪಾಲಿಸಿಯ ಪ್ರತಿಯೊಂದು ಇವತ್ತೇ ನಿಮ್ಮ ಫೋನಿನಲ್ಲೂ ಇರಲಿ.