ಹೊಳೆಯಲ್ಲಿ ಹುಟ್ಟಿದ ಮೀನು, ತೊಟ್ಟಿಯಲ್ಲಿ ಹುಟ್ಟಿದ ಮೀನು



ಹೊಳೆಯಲ್ಲಿ ಮೀನು ಕಡಿಮೆಯಾದರೆ ಮರಿ ತಂದು ಬಿಟ್ಟರಾಯಿತು ಎಂಬುದು ಸುಲಭದ ಉತ್ತರ. ಈ ಉತ್ತರವನ್ನು ಪರೀಕ್ಷೆಗೆ ಒಡ್ಡಿದ ನದಿಯೊಂದಿದೆ: ಅಮೆರಿಕದ ಮೊಂಟಾನಾ ರಾಜ್ಯದ ಮ್ಯಾಡಿಸನ್.

ಅಲ್ಲಿನ ಬ್ರೌನ್ ಟ್ರೌಟ್, ರೇನ್‌ಬೋ ಟ್ರೌಟ್ ಎರಡೂ ಮನುಷ್ಯರು ಹೊರಗಿನಿಂದ ತಂದ ತಣ್ಣೀರಿನ ಮೀನುಗಳು. ಆದರೆ ತಲೆಮಾರುಗಳಿಂದ ನದಿಯಲ್ಲಿಯೇ ಮೊಟ್ಟೆಯಿಟ್ಟು ಕಾಡುಮೀನುಗಳಾಗಿದ್ದವು. ಇಷ್ಟಾಗಿಯೂ ತೊಟ್ಟಿಯಲ್ಲಿ ಸಾಕಿದ ಟ್ರೌಟ್‌ಗಳನ್ನು ನದಿಗೆ ಬಿಡಲಾಗುತ್ತಿತ್ತು. ಮೀನು ಇಲಾಖೆಯ ಜೀವವಿಜ್ಞಾನಿ ರಿಚರ್ಡ್ ವಿನ್ಸೆಂಟ್ 1960ರ ದಶಕದ ಕೊನೆಯಲ್ಲಿ ಎಣಿಕೆಗೆ ತೊಡಗಿದರು. 1970ರಲ್ಲಿ ನದಿಯ ಒಂದು ಭಾಗಕ್ಕೆ ಮೀನು ಬಿಡುವುದನ್ನು ನಿಲ್ಲಿಸಿ, ಅದುವರೆಗೆ ಬಿಡದಿದ್ದ ಓಡೆಲ್ ಎಂಬ ಹಳ್ಳಕ್ಕೆ ಬಿಡಲಾಯಿತು. ನಿಲ್ಲಿಸಿದಲ್ಲಿ ಕಾಡುಮೀನು ಹೆಚ್ಚಿದವು, ಬಿಟ್ಟಲ್ಲಿ ಕುಗ್ಗಿದವು. 1974ರಲ್ಲಿ ಮೊಂಟಾನಾ, ಕಾಡು ಟ್ರೌಟ್ ನೆಲೆಸಿರುವ ನದಿಗಳಿಗೆ ಸಾಕಿದ ಮೀನು ಬಿಡುವುದನ್ನೇ ಕೈಬಿಟ್ಟಿತು.

ಹರಿವ ನೀರಿನಲ್ಲಿ ಪ್ರತಿ ಟ್ರೌಟ್‌ಗೂ ಕಲ್ಲಿನ ಮರೆಯ ನೆಲೆಯೊಂದಿರುತ್ತದೆ. ಕಡಿಮೆ ಶ್ರಮದಲ್ಲಿ ನಿಂತು, ತೇಲಿಬರುವ ಹುಳುಗಳನ್ನು ಹಿಡಿಯುವ ತಾಣವದು. ತೊಟ್ಟಿಯ ಗುಂಪಿನಲ್ಲಿ ಬೆಳೆದ ಮೀನಿಗೆ ಈ ಕಟ್ಟಳೆ ತಿಳಿಯದು. ಅದು ನುಗ್ಗಿದಾಗ ಕಾಡುಮೀನು ನೆಲೆ ತಪ್ಪುತ್ತದೆ, ಸೆಣಸಾಟದಲ್ಲಿ ಶಕ್ತಿ ಸೋರುತ್ತದೆ. ಬಿಟ್ಟ ಮೀನುಗಳಲ್ಲಿಯೂ ಬಹುಪಾಲು ಚಳಿಗಾಲವನ್ನು ದಾಟುವುದಿಲ್ಲ.

1994ರಲ್ಲಿ ಮ್ಯಾಡಿಸನ್‌ನಲ್ಲಿ, ಮರಿಗಳು ಬುಗುರಿಯಂತೆ ಸುತ್ತುವ ಪರೋಪಜೀವಿ ರೋಗ ಪತ್ತೆಯಾಯಿತು. ನದಿಯ ಮೇಲ್ಭಾಗದಲ್ಲಿ ರೇನ್‌ಬೋ ಸಂಖ್ಯೆ ಸುಮಾರು ಶೇ. 90ರಷ್ಟು ಕುಸಿದಿತ್ತು. ಆಗಲೂ ತೊಟ್ಟಿಯ ಮೀನನ್ನು ಸುರಿಯಲಿಲ್ಲ. ಉಳಿದ ಕಾಡುಮೀನಿನ ಸಂತತಿಯೇ ಬಹುಮಟ್ಟಿಗೆ ಚೇತರಿಸಿತು. 2021ರ ನವೆಂಬರ್ 30ರಂದು ಹೆಬ್ಗೆನ್ ಅಣೆಕಟ್ಟಿನ ಗೇಟು ಕೆಟ್ಟು ಹರಿವು ಹಠಾತ್ತನೆ ಇಳಿದಾಗ, ಜನರೇ ಬಕೆಟ್ ಹಿಡಿದು, ಸಿಕ್ಕಿಕೊಂಡ ಮೀನುಗಳನ್ನು ಆಳದ ನೀರಿಗೆ ಸಾಗಿಸಿದರು. ನೀರಿನ ಹರಿವೇ ಮೀನಿನ ಮೊದಲ ಆಸ್ತಿಯೆಂದು ಅವರು ಅರಿತಿದ್ದರು.

ಹಾಗೆಂದು ಸಾಕಣೆ ಕೇಂದ್ರ ನಿಷ್ಪ್ರಯೋಜಕವಲ್ಲ. ಕೆರೆ, ಜಲಾಶಯಗಳಿಗೂ ಅಳಿವಿನಂಚಿನ ಸ್ಥಳೀಯ ತಳಿಗಳ ರಕ್ಷಣೆಗೂ ಅದು ಬೇಕು. ಆದರೆ ಆಸ್ಪತ್ರೆ ಮನೆಯಾಗದು.

ಕಾವೇರಿಯ ಕಥೆಯೂ ದೂರದ್ದಲ್ಲ. 1970ರ ದಶಕದಿಂದ ಲೋಣಾವಳದಲ್ಲಿ ಸಾಕಿದ ನೀಲಿರೆಕ್ಕೆಯ ಮಹಶೀರ್ ಅಲ್ಲಿಗೆ ಬಂದಿತು. ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ 2018ರಲ್ಲಿ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ತೀವ್ರ ಅಳಿವಿನಂಚಿನ ಜೀವಿಯಾಗಿ ಸೇರಿತು. ಅಣೆಕಟ್ಟು, ಮರಳು ಗಣಿಗಾರಿಕೆ, ಸಿಡಿಮದ್ದುಗಳ ಜೊತೆಗೆ ಹೊರಗಿನ ಮೀನಿನ ಪೈಪೋಟಿಯನ್ನೂ ಸಂಶೋಧಕರು ಕಾರಣವಾಗಿ ಗುರುತಿಸಿದ್ದಾರೆ.

ಮಲೆನಾಡಿಗೆ ದಾರಿ ಹೊಸತಲ್ಲ. ಶೃಂಗೇರಿ, ಶಿಶಿಲಗಳಲ್ಲಿ ಜನರ ಭಕ್ತಿಯೇ ಮೀನನ್ನು ಕಾಯ್ದಿದೆ. ಮೊದಲ ಮಳೆಗೆ ಏರಿಬರುವ ಹತ್ತುಮೀನಿಗೆ ದಾರಿ ಬಿಡುವುದು, ಬೇಸಿಗೆಯ ಗುಂಡಿಗಳಲ್ಲಿ ನೀರುಳಿಸುವುದು, ವಿಷ ಮತ್ತು ಸಿಡಿಮದ್ದನ್ನು ತಡೆಯುವುದು ಮೊದಲ ಕೆಲಸ. ಮರಿ ಬಿಡುವ ಯೋಜನೆ ಊರಿಗೆ ಬಂದಾಗ ಗ್ರಾಮಸಭೆ ಎರಡು ಪ್ರಶ್ನೆಗಳನ್ನು ಕೇಳಲಿ: ಇದು ಯಾವ ಹೊಳೆಯ ತಳಿ? ಇಲ್ಲಿ ಈಗಾಗಲೇ ಇರುವ ಮೀನನ್ನು ಎಣಿಸಿದವರು ಯಾರು?